ಗೂಡು ಆಮೇಲೆ, ಮೊದಲು ಗಾಜಿನ ಕೊಳವೆ: ಮನೆಯಲ್ಲಿ ಇರುವೆ ಸಾಕುವ ಬಗ್ಗೆ

ಪ್ರಶ್ನೆ: ಹೋದ ವಾರ ಮಳೆ ನಿಂತ ಮೇಲೆ ನನ್ನ ಮಗಳಿಗೆ ಅಂಗಳದಲ್ಲಿ ಒಂದು ದೊಡ್ಡ ಕಪ್ಪು ಇರುವೆ ಸಿಕ್ಕಿತು. ಒಂದೇ ಒಂದು ರೆಕ್ಕೆ ಉಳಿದಿತ್ತು, ಮಾರನೇ ದಿನ ಅದೂ ಉದುರಿತು. ಇದು ರಾಣಿ ಇರುವೆ ಅಂತ ಅವಳು ಹೇಳುತ್ತಿದ್ದಾಳೆ. ಈಗ ಅದನ್ನು ಮಣ್ಣು ತುಂಬಿದ ಜಾಮ್ ಬಾಟಲಿಯಲ್ಲಿ ಇಟ್ಟಿದ್ದೇವೆ. ಹೋದ ವರ್ಷ ಇದೇ ಬಾಟಲಿಗೆ ಐವತ್ತು ಅರವತ್ತು ಇರುವೆ ಹಿಡಿದು ಹಾಕಿದ್ದಳು. ಎರಡು ತಿಂಗಳಲ್ಲಿ ಎಲ್ಲವೂ ಸತ್ತುಹೋದವು. ತುಂಬಾ ಅತ್ತಳು. ಈ ಸಲ ಹಾಗಾಗಬಾರದು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಗೂಡು ಮಾಡಬಹುದಂತೆ. ಹೇಗೆ ಮಾಡುವುದು? ಎಷ್ಟು ದೊಡ್ಡದಿರಬೇಕು? ಏನು ತಿನ್ನಿಸಬೇಕು? ಇರುವೆಗಳು ಮನೆಯೆಲ್ಲಾ ಹರಡದ ಹಾಗೆ ಏನು ಮಾಡಬೇಕು?

ಉತ್ತರ: ಒಂದು ಕೆಲಸ ಇವತ್ತೇ ಮಾಡಿ. ಆ ಇರುವೆಯನ್ನು ಮಣ್ಣಿನ ಬಾಟಲಿಯಿಂದ ಹೊರಗೆ ತೆಗೆಯಿರಿ. ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಗೂಡು ಹೇಗೆ ಮಾಡುವುದು ಅಂತ ಮುಂದೆ ಪೂರ್ತಿ ಹೇಳುತ್ತೇನೆ, ಆದರೆ ಅದು ನಿಮಗೆ ಬೇಕಾಗುವುದು ಇನ್ನೂ ಎಷ್ಟೋ ತಿಂಗಳ ಮೇಲೆ. ನಾನು ನೋಡಿದ ಮಟ್ಟಿಗೆ, ಮನೆಯಲ್ಲಿ ಸಾಕಿದ ಇರುವೆಗಳು ಸಾಯುವುದು ಬಹಳ ಸಲ ಒಂದೇ ಕಾರಣಕ್ಕೆ: ಗೂಡನ್ನು ತೀರಾ ಬೇಗ ಕಟ್ಟಿರುತ್ತಾರೆ, ತೀರಾ ದೊಡ್ಡದಾಗಿ ಕಟ್ಟಿರುತ್ತಾರೆ.

ಹೋದ ವರ್ಷದ ಇರುವೆಗಳ ಬಗ್ಗೆ ಮಗಳಿಗೆ ಹೀಗೆ ಹೇಳಿ. ಅವಳು ಹಿಡಿದು ತಂದದ್ದೆಲ್ಲ ಕೆಲಸಗಾರ ಇರುವೆಗಳು. ಅವುಗಳ ಆಯಸ್ಸೇ ಕಡಿಮೆ, ಸಣ್ಣ ಜಾತಿಗಳಲ್ಲಿ ಕೆಲವೇ ತಿಂಗಳು. ಹೊಸ ಇರುವೆ ಹುಟ್ಟಬೇಕಾದರೆ ಮೊಟ್ಟೆ ಇಡುವ ರಾಣಿ ಇರಬೇಕು, ಅದು ಬಾಟಲಿಯಲ್ಲಿ ಇರಲಿಲ್ಲ. ಅವಳ ತಪ್ಪಿನಿಂದ ಸತ್ತದ್ದಲ್ಲ. ಎರಡು ಗಾಜಿನ ನಡುವೆ ಮರಳು ತುಂಬಿದ ಆಟಿಕೆ ಗೂಡುಗಳು ಎಷ್ಟೋ ದಶಕಗಳಿಂದ ಮಾರಾಟವಾಗುತ್ತಾ ಬಂದಿವೆ. ಅವುಗಳ ಕಥೆಯೂ ಇದೇ. ರಾಣಿ ಇಲ್ಲದ ಇರುವೆಗಳು ಸುರಂಗ ತೋಡುತ್ತವೆ, ಒಂದೊಂದಾಗಿ ಕಡಿಮೆಯಾಗುತ್ತವೆ.

ರಾಣಿಯ ಲೆಕ್ಕವೇ ಬೇರೆ. ಯುರೋಪಿನ ಒಂದು ಸಾಮಾನ್ಯ ಕಪ್ಪು ಇರುವೆಯ ರಾಣಿ ಸಾಕಿದವರ ಕೈಯಲ್ಲಿ 28 ವರ್ಷ ಬದುಕಿದ ದಾಖಲೆ ಇದೆ. ಎಲ್ಲ ಜಾತಿಯೂ ಅಷ್ಟು ಬದುಕುವುದಿಲ್ಲ, ಆದರೆ ಹತ್ತು ವರ್ಷ ಅನ್ನುವುದು ದೊಡ್ಡ ಇರುವೆಗಳಿಗೆ ಅಪರೂಪದ ಮಾತೇನಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಸಾಕುವುದು ಅಂದರೆ ಮಗಳು ಕಾಲೇಜಿಗೆ ಹೋಗುವವರೆಗೂ ಸಾಕುವುದು ಆಗಬಹುದು.

ನಿಮ್ಮ ಹತ್ತಿರ ಇರುವುದು ನಿಜವಾಗಿ ರಾಣಿಯೇ ಅಂತ ನೋಡಿಕೊಳ್ಳಿ. ಮಳೆ ಬಿಟ್ಟ ಸಂಜೆ ಗೆದ್ದಲೂ ರೆಕ್ಕೆ ಕಟ್ಟಿಕೊಂಡು ಏಳುತ್ತದೆ. ಎಷ್ಟೋ ಜನ ಅದನ್ನೇ ಹಿಡಿದು ತಂದಿರುತ್ತಾರೆ. ಗೆದ್ದಲಿಗೆ ಸೊಂಟ ಇರುವುದಿಲ್ಲ, ಎದೆ ಹೊಟ್ಟೆ ಒಂದೇ ದಪ್ಪ. ಮೀಸೆ ಮಣಿ ಪೋಣಿಸಿದ ಹಾಗೆ ನೇರವಾಗಿರುತ್ತದೆ. ಇರುವೆಗೆ ದಾರ ಕಟ್ಟಿ ಬಿಗಿದಂಥ ಸೊಂಟ, ಮೊಣಕೈ ಹಾಗೆ ಮಡಚಿದ ಮೀಸೆ. ಇನ್ನು ರಾಣಿಯ ಗುರುತು ಎದೆಯಲ್ಲಿದೆ. ಕೆಲಸಗಾರ ಇರುವೆಯ ಎದೆ ಸಪೂರ. ರಾಣಿಯ ಎದೆ ಉಬ್ಬಿ ಗುಡ್ಡದ ಹಾಗಿರುತ್ತದೆ, ಏಕೆಂದರೆ ಹಾರುವ ಸ್ನಾಯು ಎಲ್ಲ ಅಲ್ಲೇ ಇದೆ. ಭೂತಗನ್ನಡಿಯಲ್ಲಿ ನೋಡಿದರೆ ಎದೆಯ ಎರಡೂ ಬದಿಯಲ್ಲಿ ರೆಕ್ಕೆ ಕಳಚಿದ ಸಣ್ಣ ಗಾಯದ ಗುರುತು ಕಾಣುತ್ತದೆ. ನಿಮ್ಮದು ಉಳಿದ ರೆಕ್ಕೆಯನ್ನೂ ಕಳಚಿದೆ ಅಂದಿರಿ. ಅದು ಒಳ್ಳೆಯ ಸೂಚನೆ. ಹಾರಾಟಕ್ಕೆ ಹೋಗಿ ಗಂಡಿನ ಜೊತೆ ಕೂಡಿದ ಮೇಲೆ ರಾಣಿ ಸಾಮಾನ್ಯವಾಗಿ ರೆಕ್ಕೆಯನ್ನು ತಾನೇ ಕಳಚುತ್ತದೆ. ಆ ಹಾರಾಟದಲ್ಲಿ ಪಡೆದ ವೀರ್ಯವನ್ನು ಹೊಟ್ಟೆಯೊಳಗಿನ ಒಂದು ಚೀಲದಲ್ಲಿ ಕಾಪಿಟ್ಟು ಜೀವನಪೂರ್ತಿ ಅದರಿಂದಲೇ ಮೊಟ್ಟೆ ಇಡುತ್ತದೆ. ಇನ್ನೊಂದು ಗಂಡು ಹುಡುಕಿ ಕೊಡುವ ಗೋಜು ಬೇಡ.

ದೊಡ್ಡದು, ಕಪ್ಪು ಅಂದಿದ್ದರಿಂದ ಇದು ಗೊದ್ದದ ಜಾತಿ ಅಂತ ಅಂದುಕೊಂಡು ಮುಂದೆ ಹೇಳುತ್ತೇನೆ. ಮೊದಲ ಸಲ ಸಾಕುವವರಿಗೆ ಗೊದ್ದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನಿಧಾನಕ್ಕೆ ಬೆಳೆಯುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಸಣ್ಣ ಸಂದಿಯಲ್ಲಿ ನುಸುಳಿ ಹೋಗುವುದಿಲ್ಲ.

ಈಗ ಮೊದಲ ಮನೆ. ಪ್ರಯೋಗಾಲಯದಲ್ಲಿ ಬಳಸುವ ಟೆಸ್ಟ್ ಟ್ಯೂಬ್ ಒಂದು ತನ್ನಿ. ಸುಮಾರು 15 ಸೆಂ.ಮೀ. ಉದ್ದ, 16 ಮಿ.ಮೀ. ಅಗಲ ಇದ್ದರೆ ಸರಿ. ದೊಡ್ಡ ರಾಣಿಗೆ ಸ್ವಲ್ಪ ಅಗಲ ಜಾಸ್ತಿ ಇದ್ದರೂ ಆಯಿತು. ಮೂರನೇ ಒಂದು ಭಾಗ ನೀರು ತುಂಬಿ. ಹತ್ತಿಯ ಉಂಡೆ ಮಾಡಿ ಪೆನ್ಸಿಲಿನ ಹಿಂಬದಿಯಿಂದ ಒಳಗೆ ತಳ್ಳಿ, ನೀರಿಗೆ ತಾಗಿ ಒದ್ದೆಯಾಗಬೇಕು. ಟ್ಯೂಬನ್ನು ಮಲಗಿಸಿದಾಗ ನೀರು ಹೊರಗೆ ಸೋರಬಾರದು, ಹತ್ತಿ ಮಾತ್ರ ತೇವವಾಗಿರಬೇಕು. ಹತ್ತಿ ಸಡಿಲವಾದರೆ ರಾಣಿ ಮುಳುಗುತ್ತದೆ, ಆದ್ದರಿಂದ ಇಲ್ಲಿ ಅವಸರ ಬೇಡ. ನಾಲ್ಕೈದು ಸಲ ಮಾಡಿ ನೋಡಿ, ಮಲಗಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮುಂದಿನ ಭಾಗ ಒಣಗಿದ್ದರೆ ಅದು ಸರಿಯಾದ ಟ್ಯೂಬ್. ರಾಣಿಯನ್ನು ಚಿಮುಟದಲ್ಲಿ ಹಿಡಿಯಬೇಡಿ. ಟ್ಯೂಬಿನ ಬಾಯಿಯನ್ನು ಅದರ ಎದುರು ಹಿಡಿದು ಹಿಂದಿನಿಂದ ಮೆಲ್ಲಗೆ ಕುಂಚ ತಾಗಿಸಿದರೆ ತಾನೇ ಒಳಗೆ ನಡೆಯುತ್ತದೆ. ಬಾಯಿಗೆ ಇನ್ನೊಂದು ಹತ್ತಿ ಉಂಡೆ. ಗಾಳಿ ಅದರ ಮೂಲಕವೇ ಸಾಕಷ್ಟು ಬರುತ್ತದೆ.

ಆಮೇಲೆ ಟ್ಯೂಬಿಗೆ ಬಟ್ಟೆ ಸುತ್ತಿ, ಯಾರೂ ಬಾಗಿಲು ದಡಾರೆಂದು ಹಾಕದ, ಮಿಕ್ಸಿ ಫ್ರಿಜ್ಜು ಅದುರದ ಜಾಗದಲ್ಲಿ ಇಡಿ. ನಾವು ಮಾತಾಡುವುದಕ್ಕೆ ಇರುವೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮೇಜು ನಡುಗಿದರೆ ಮಾತ್ರ ತಕ್ಷಣ ತಿಳಿಯುತ್ತದೆ. ಹೆದರಿದ ರಾಣಿ ತನ್ನ ಮೊಟ್ಟೆಯನ್ನೇ ತಿಂದುಬಿಡುತ್ತದೆ. 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಇದ್ದರೆ ಸಾಕು.

ಈ ಹಂತದಲ್ಲಿ ಏನೂ ತಿನ್ನಿಸಬೇಡಿ. ಓದುವವರಿಗೆ ಇದು ಕ್ರೂರ ಅನ್ನಿಸಬಹುದು. ಆದರೆ ಗೊದ್ದದ ರಾಣಿ ನೆಲದೊಳಗೆ ಬಾಗಿಲು ಮುಚ್ಚಿಕೊಂಡು ಕೂರುವ ಜಾತಿ. ಇನ್ನು ಬೇಕಿಲ್ಲದ ಆ ಹಾರುವ ಸ್ನಾಯು, ಹೊಟ್ಟೆಯಲ್ಲಿ ಕೂಡಿಟ್ಟ ಕೊಬ್ಬು, ಇವೆರಡನ್ನೂ ಕರಗಿಸಿಕೊಂಡು ಅದರಿಂದಲೇ ಮೊದಲ ಮಕ್ಕಳನ್ನು ಸಾಕುತ್ತದೆ. ಕುಡಿಯಲು ಒದ್ದೆ ಹತ್ತಿ ಇದೆ, ಅಷ್ಟೇ ಸಾಕು. ಒಂದು ವೇಳೆ ನಿಮ್ಮ ರಾಣಿ ಬೇರೆ ಜಾತಿಯದಾಗಿದ್ದು, ಎರಡು ಮೂರು ವಾರ ಕಳೆದರೂ ಮೊಟ್ಟೆ ಇಡದೆ ಇಡೀ ದಿನ ಹೊರಗಿನ ಹತ್ತಿಯನ್ನು ಕಚ್ಚಿ ಎಳೆಯುತ್ತಿದ್ದರೆ, ಅದು ನಡುನಡುವೆ ಹೊರಗೆ ಹೋಗಿ ಬೇಟೆಯಾಡುವ ಜಾತಿ ಇರಬಹುದು. ಆಗ ಒಂದು ಸಣ್ಣ ಹುಳದ ತುಂಡು, ಒಂದು ಹನಿ ಸಕ್ಕರೆ ನೀರು ಕೊಟ್ಟು ನೋಡಿ.

ವಾರಕ್ಕೊಮ್ಮೆ ನೋಡಿ, ಜಾಸ್ತಿ ಬೇಡ. ನೋಡುವಾಗ ಕೆಂಪು ಬೆಳಕು ಇರಲಿ. ನೀವು ಬಟ್ಟೆ ಸರಿಸಿದಾಗ ಮೊದಲು ಕಾಣುವುದು ರಾಣಿಯ ಕಾಲ ಕೆಳಗೆ ಸಕ್ಕರೆ ಕಾಳಿನಂಥ ಬಿಳಿ ಗುಪ್ಪೆ. ಒಂದಕ್ಕೊಂದು ಅಂಟಿಕೊಂಡ ಐದಾರು ಮೊಟ್ಟೆ. ರಾಣಿ ಅದನ್ನು ಬಾಯಲ್ಲಿ ಎತ್ತಿಕೊಂಡು ಆ ಕಡೆ ಈ ಕಡೆ ಹೋಗುತ್ತದೆ, ಕೆಳಗಿಟ್ಟು ನೆಕ್ಕುತ್ತದೆ, ಮತ್ತೆ ಎತ್ತುತ್ತದೆ. ಆ ನೆಕ್ಕುವಿಕೆಯಿಂದಲೇ ಮೊಟ್ಟೆಗೆ ಬೂಷ್ಟು ಹಿಡಿಯದೆ ಉಳಿಯುತ್ತದೆ. ಒಂದು ದಿನ ಕೆಲವು ಮೊಟ್ಟೆಗೆ ಬಾಗಿದ ಕುತ್ತಿಗೆ ಬಂದಿರುತ್ತದೆ, ಅಂದರೆ ಮರಿಹುಳು ಆಗಿದೆ. ಆಮೇಲೆ ಅದು ತನ್ನ ಸುತ್ತ ರೇಷ್ಮೆ ನೂತು ಕಂದು ಬಣ್ಣದ ಗೂಡಿನೊಳಗೆ ಸೇರುತ್ತದೆ, ನೋಡಲು ಸಣ್ಣ ಅಕ್ಕಿ ಕಾಳಿನ ಹಾಗೆ. ಮೊಟ್ಟೆಯಿಂದ ಇರುವೆ ಆಗಲು ಬೆಚ್ಚಗಿದ್ದರೆ ಒಂದೂವರೆಯಿಂದ ಎರಡು ತಿಂಗಳು, ತಂಪಿದ್ದರೆ ಇನ್ನೂ ಜಾಸ್ತಿ. ಮೊದಲು ಹುಟ್ಟುವ ಕೆಲಸಗಾರರು ತೀರಾ ಸಣ್ಣಗಿರುತ್ತವೆ. ಅದು ಕಾಯಿಲೆ ಅಲ್ಲ. ರಾಣಿ ತನ್ನ ಮೈಯನ್ನೇ ಹಂಚಿ ಬೆಳೆಸಿದ್ದು, ಅಷ್ಟೇ ಆಗುವುದು.

ಅವು ಹುಟ್ಟಿದ ದಿನದಿಂದ ಊಟ ಶುರು. ಅದರ ವಿಷಯ ಆಮೇಲೆ.

ಈಗ ಗೂಡು. ಕೆಲಸಗಾರರು 20-25 ಆಗುವವರೆಗೂ ಟ್ಯೂಬೇ ಅರಮನೆ. ಆ ಕಾಯುವ ಸಮಯದಲ್ಲಿ ನೀವಿಬ್ಬರೂ ಕೂತು ಗೂಡು ಮಾಡಿಕೊಳ್ಳಿ. ಮಾಡುವ ಮೊದಲು ಒಂದು ಮಾತು ಮನಸ್ಸಿನಲ್ಲಿ ಇರಲಿ. ಇರುವೆಗೆ ಬೇಕಾದದ್ದು ಒಂದೇ ಗೂಡಿನೊಳಗೆ ಒದ್ದೆ ಜಾಗವೂ ಒಣ ಜಾಗವೂ ಎರಡೂ ಇರುವುದು. ಮೊಟ್ಟೆ, ಮರಿಹುಳು ತೇವ ಕೇಳುತ್ತವೆ. ರೇಷ್ಮೆ ಗೂಡಿನೊಳಗಿರುವವು ಒಣ ಜಾಗ ಕೇಳುತ್ತವೆ. ಎಷ್ಟು ತೇವ ಸರಿ ಅಂತ ನಾವು ಅಳೆದು ಕೊಡಲು ಆಗುವುದಿಲ್ಲ. ಒಂದು ತುದಿ ಒದ್ದೆ, ಇನ್ನೊಂದು ತುದಿ ಒಣ, ನಡುವೆ ನಿಧಾನಕ್ಕೆ ಬದಲಾಗುವ ಹಾಗೆ ಮಾಡಿಕೊಟ್ಟರೆ ಅವೇ ಆರಿಸಿಕೊಳ್ಳುತ್ತವೆ. ಫ್ರಾನ್ಸಿನ ಷಾರ್ಲ್ ಜಾನೆ ಅನ್ನುವವರು 19ನೇ ಶತಮಾನದ ಕೊನೆಯಲ್ಲೇ ಇದನ್ನು ಕಂಡುಕೊಂಡಿದ್ದರು. ಪ್ಲಾಸ್ಟರ್ ಅಚ್ಚಿನಲ್ಲಿ ಸಾಲಾಗಿ ಕೋಣೆ ಮಾಡಿ, ಒಂದು ತುದಿಯಲ್ಲಿ ನೀರಿನ ತೊಟ್ಟಿ ಇಟ್ಟರು. ನಾವು ಈಗ ಮಾಡುವುದು ಅದೇ ಗೂಡು.

ಬೇಕಾದ ಸಾಮಾನು: ಮೆತ್ತಗಿನ, ಅಡಿ ಚಪ್ಪಟೆಯಾದ ಪ್ಲಾಸ್ಟಿಕ್ ಡಬ್ಬಿ, ಮಕ್ಕಳು ಆಡುವ ಕ್ಲೇ, ಪಿಓಪಿ ಪುಡಿ, ಡಬ್ಬಿಯ ಅಳತೆಗೆ ಕತ್ತರಿಸಿ ಅಂಚು ಉಜ್ಜಿಸಿದ ಗಾಜು, ಸೂಜಿ ಇಲ್ಲದ ಸಿರಿಂಜ್, ಒಂದು ಅಡಿ ಪಾರದರ್ಶಕ ಪೈಪು, ಉಪ್ಪುಕಾಗದ. ಡಬ್ಬಿ ಅಂಗೈಗಿಂತ ಸ್ವಲ್ಪ ದೊಡ್ಡದಿದ್ದರೆ ಸಾಕು. ಇದಕ್ಕಿಂತ ದೊಡ್ಡದು ಬೇಡವೇ ಬೇಡ.

ಡಬ್ಬಿಯ ತಳವೇ ಮುಂದೆ ಗಾಜಿನ ಕಡೆ ಬರುವ ಮುಖ. ಆ ತಳಕ್ಕೆ ಕ್ಲೇಯಲ್ಲಿ ಕೋಣೆಗಳ ಆಕಾರ ಮಾಡಿ ಅಂಟಿಸಿ. ನಾಲ್ಕು ಕೋಣೆ ಸಾಕು, ಒಂದೊಂದು 3 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ. ದಪ್ಪ 10 ಮಿ.ಮೀ. ಮೀರಬಾರದು. ಎತ್ತರದ ಹಾಲ್ ಇರುವೆಗೆ ಇಷ್ಟ ಇಲ್ಲ. ಬೆನ್ನಿಗೆ ಮೀಸೆಗೆ ಮಾಡು ತಾಗುವಷ್ಟು ಇಕ್ಕಟ್ಟಿದ್ದರೇ ಅದಕ್ಕೆ ಧೈರ್ಯ. ಕೋಣೆಯಿಂದ ಕೋಣೆಗೆ ಪೆನ್ಸಿಲ್ ದಪ್ಪದ ಕ್ಲೇ ಹುರಿ ಹೊಸೆದು ದಾರಿ ಮಾಡಿ. ಮೊಟ್ಟೆ ತುಂಬಿದ ರಾಣಿಯ ಹೊಟ್ಟೆ ದಾಟುವಷ್ಟು ಅಗಲ ಇರಬೇಕು, 8 ಮಿ.ಮೀ. ಇದ್ದರೆ ಒಳ್ಳೆಯದು. ಈ ಕೆಲಸ ಮಗಳಿಗೆ ಬಿಡಿ. ಯಾವ ಆಕಾರ ಮಾಡಿದರೂ ಇರುವೆಗೆ ಅಡ್ಡಿಯಿಲ್ಲ. ಡಬ್ಬಿಯ ಒಂದು ತುದಿಯಲ್ಲಿ ಬೆಂಕಿಪೊಟ್ಟಣದ ಅರ್ಧದಷ್ಟು ಕ್ಲೇ ಗಟ್ಟಿ ಇಡಿ. ಇದು ನೀರಿನ ತೊಟ್ಟಿ. ಇದಕ್ಕೂ ಹತ್ತಿರದ ಕೋಣೆಗೂ ನಡುವೆ 1.5 ಸೆಂ.ಮೀ. ಗೋಡೆ ಉಳಿಯಬೇಕು, ದಾರಿ ಮಾತ್ರ ಇರಕೂಡದು. ತೊಟ್ಟಿಯಿಂದ ಅತಿ ದೂರದ ಕೋಣೆಗೆ ಹೊರಬಾಗಿಲು ಬರಲಿ.

ಪಿಓಪಿ ಕಲಸುವಾಗ ಪುಡಿಗೆ ನೀರು ಹಾಕಬೇಡಿ, ನೀರಿಗೆ ಪುಡಿ ಹಾಕಿ. ಒಂದು ಲೋಟ ನೀರಿಗೆ ಸುಮಾರು ಎರಡು ಲೋಟ ಪುಡಿ. ಮೇಲಿನಿಂದ ಉದುರಿಸುತ್ತಾ ಹೋಗಿ, ಒಂದೆರಡು ನಿಮಿಷ ನೆನೆಯಲು ಬಿಟ್ಟು ಆಮೇಲೆ ನಿಧಾನಕ್ಕೆ ಕದಡಿ. ಜೋರಾಗಿ ಕಡೆದರೆ ಗುಳ್ಳೆ ಸೇರುತ್ತದೆ. ದೋಸೆ ಹಿಟ್ಟಿನ ಹದ ಬಂದ ಕೂಡಲೇ ಡಬ್ಬಿಗೆ 3 ಸೆಂ.ಮೀ. ಎತ್ತರಕ್ಕೆ ಸುರಿದು, ಡಬ್ಬಿಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿ. ಗುಳ್ಳೆ ಮೇಲೆ ಬಂದು ಒಡೆಯುತ್ತದೆ. ಗಟ್ಟಿಯಾಗುವಾಗ ಪಿಓಪಿ ಬಿಸಿಯಾಗುತ್ತದೆ, ದಪ್ಪ ಇದ್ದಷ್ಟೂ ಬಿಸಿ ಜಾಸ್ತಿ. ಮಕ್ಕಳು ಅದರೊಳಗೆ ಕೈ ಇಟ್ಟುಕೊಂಡು ಅಚ್ಚು ತೆಗೆಯುವ ಆಟಕ್ಕೆ ಹೋಗದ ಹಾಗೆ ನೋಡಿಕೊಳ್ಳಿ, ಚರ್ಮ ಸುಟ್ಟ ಘಟನೆಗಳು ಆಗಿವೆ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಳಿದದ್ದನ್ನು ಸಿಂಕಿಗೆ ಸುರಿದರೆ ಪೈಪಿನೊಳಗೇ ಕಲ್ಲಾಗುತ್ತದೆ, ಕಸದ ಬುಟ್ಟಿಗೆ ಹಾಕಿ.

ಒಂದು ಗಂಟೆ ಬಿಟ್ಟು ಡಬ್ಬಿಯ ಗೋಡೆ ಒತ್ತಿ ಅಚ್ಚನ್ನು ಹೊರಗೆ ತೆಗೆಯಿರಿ. ಚಮಚದ ಹಿಡಿಯಿಂದ ಕ್ಲೇ ಎಬ್ಬಿಸಿದರೆ ಕೋಣೆಗಳು ತೆರೆದುಕೊಳ್ಳುತ್ತವೆ. ಪಿಓಪಿ ಇನ್ನೂ ಹಸಿಯಾಗಿರುವಾಗಲೇ ಡ್ರಿಲ್ ಬಿಟ್ಟನ್ನು ಕೈಯಲ್ಲಿ ತಿರುಗಿಸಿ ಎರಡು ತೂತು ಕೊರೆಯಿರಿ. ಒಂದು ಪೈಪು ಕೂರಲು, ಇನ್ನೊಂದು ತೊಟ್ಟಿಗೆ ನೀರು ಬಿಡಲು. ಒಣಗಿದ ಮೇಲೆ ಕೊರೆದರೆ ಸೀಳುತ್ತದೆ. ಮೇಜಿನ ಮೇಲೆ ಉಪ್ಪುಕಾಗದ ಹಾಸಿ ಗೂಡಿನ ಮುಖವನ್ನು ಉಜ್ಜಿ ಸಮ ಮಾಡಿ. ಗಾಜು ಇಟ್ಟಾಗ ಎಲ್ಲೂ ಸಂದಿ ಇರಕೂಡದು, ಒಂದು ಹಾಳೆಯೂ ತೂರಬಾರದು. ಗಾಜನ್ನು ಎರಡು ದಪ್ಪ ರಬ್ಬರ್ ಬ್ಯಾಂಡಿನಲ್ಲಿ ಬಿಗಿದರೆ ಸಾಕು, ಅಂಟಿಸಬೇಡಿ. ಮುಂದೆ ತೆಗೆಯಬೇಕಾಗಿ ಬರುತ್ತದೆ.

ಒಣಗಿಸುವುದರಲ್ಲಿ ಎಲ್ಲರೂ ಎಡವುತ್ತಾರೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ನೀರು ತುಂಬಿರುತ್ತದೆ. ತಕ್ಕಡಿಯಲ್ಲಿ ಇಟ್ಟು ತೂಕ ಬರೆದಿಡಿ. ದಿನಾ ತೂಕ ಇಳಿಯುತ್ತಾ ಹೋಗುತ್ತದೆ. ಎರಡು ದಿನ ಒಂದೇ ತೂಕ ನಿಂತರೆ ಒಣಗಿತು ಅಂತ ಅರ್ಥ. ಒಂದು ವಾರ ಹಿಡಿಯಬಹುದು, ಎರಡೂ ಹಿಡಿಯಬಹುದು. ಹಸಿ ಗೂಡಿಗೆ ಇರುವೆ ಬಿಟ್ಟರೆ ಬೂಷ್ಟು ಬರುತ್ತದೆ, ಗಾಜಿನ ಒಳಗೆ ಹನಿ ಕಟ್ಟುತ್ತದೆ, ಮೆತ್ತಗಿನ ಗೋಡೆಯನ್ನು ಇರುವೆ ಕಚ್ಚಿ ಕೊರೆಯುತ್ತದೆ.

ಪಿಓಪಿ ಬೇಡ ಅನ್ನಿಸಿದರೆ ಮನೆ ಕಟ್ಟಲು ಬಳಸುವ ಹಗುರ ಎಎಸಿ ಬ್ಲಾಕ್ ಇದೆಯಲ್ಲ, ಅದರ ತುಂಡಿನಲ್ಲಿ ಸ್ಕ್ರೂಡ್ರೈವರಿನಿಂದಲೇ ಕೋಣೆ ಕೆತ್ತಬಹುದು. ನೀರು ಚೆನ್ನಾಗಿ ಹೀರುತ್ತದೆ, ಬೂಷ್ಟು ಕಡಿಮೆ. ಧೂಳು ಮಾತ್ರ ವಿಪರೀತ. ನನಗೆ ಈಗೀಗ ಅದೇ ಜಾಸ್ತಿ ಹಿಡಿಸುತ್ತದೆ, ಆದರೆ ಮಕ್ಕಳ ಜೊತೆ ಮಾಡಲು ಪಿಓಪಿಯೇ ಖುಷಿ.

ಗೂಡು ಚಿಕ್ಕದಿರಲಿ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಮೊದಲು ಮಾಡಿದ ಗೂಡಿನಲ್ಲಿ ಹನ್ನೆರಡು ಕೋಣೆ ಇದ್ದವು. ತುಂಬಾ ಚೆಂದ ಬಂದಿತ್ತು. ಒಂದು ರಾಣಿ, ಹದಿನೈದು ಕೆಲಸಗಾರರನ್ನು ಅದಕ್ಕೆ ಬಿಟ್ಟೆ. ಅವು ಒಂದು ಮೂಲೆಯ ಕೋಣೆಯಲ್ಲಿ ಗುಂಪಾಗಿ ಕೂತವು. ಉಳಿದ ಕೋಣೆಗಳಿಗೆ ತಿಂದು ಬಿಟ್ಟ ಹುಳದ ಕಾಲು, ರೆಕ್ಕೆ, ಸತ್ತ ಇರುವೆ ಎಲ್ಲವನ್ನೂ ತಂದು ಹಾಕತೊಡಗಿದವು. ಹೊರಗೆ ಹಾಕಬೇಕಾದ ಕಸಕ್ಕೆ ಮನೆಯೊಳಗೇ ಖಾಲಿ ಕೋಣೆ ಇತ್ತಲ್ಲ. ಹತ್ತೇ ದಿನದಲ್ಲಿ ಆ ಕೋಣೆಗಳಲ್ಲಿ ಬೂದು ಬಣ್ಣದ ಬೂಷ್ಟು ಎದ್ದಿತು, ಅಲ್ಲಿಂದ ಮೊಟ್ಟೆಗಳವರೆಗೂ ಹಬ್ಬಿತು. ಗೂಡು ಬಿಚ್ಚುವ ಹೊತ್ತಿಗೆ ರಾಣಿ ಸತ್ತಿತ್ತು. ಆ ಗೂಡನ್ನು ಮತ್ತೆ ಬಳಸಲು ನನಗೆ ಮನಸ್ಸೇ ಬರಲಿಲ್ಲ. ಇರುವೆಗಳು ಜಾಸ್ತಿಯಾಗಿ ಗೂಡಿನಲ್ಲಿ ಹಿಡಿಯದೆ ಪೈಪಿನಲ್ಲೂ ಮಲಗಲು ಶುರುಮಾಡಿದಾಗ ಪಕ್ಕಕ್ಕೆ ಇನ್ನೊಂದು ಗೂಡು ಮಾಡಿ ಪೈಪಿನಲ್ಲಿ ಸೇರಿಸಿ. ಬೆಳೆಯುವ ಮನೆಗೆ ಕೋಣೆ ಸೇರಿಸಿದ ಹಾಗೆ.

ಗೂಡಿನ ಪೈಪು ಒಂದು ಅಂಗಳಕ್ಕೆ ತೆರೆದುಕೊಳ್ಳಬೇಕು. ಊಟ, ಕಸ, ಓಡಾಟ ಎಲ್ಲ ಅಲ್ಲೇ. ನೇರ ಗೋಡೆಯ ಪ್ಲಾಸ್ಟಿಕ್ ಅಥವಾ ಗಾಜಿನ ಡಬ್ಬ, 15 ಸೆಂ.ಮೀ. ಎತ್ತರ ಇರಲಿ. ತಳದಲ್ಲಿ ತೆಳ್ಳಗೆ ಒಣ ಮರಳು ಹಾಸಿ. ಇರುವೆ ಮೇಲೆ ಹತ್ತಿ ಹೊರಗೆ ಬರದಂತೆ ತಡೆಯಲು ಒಂದು ಸುಲಭ ಉಪಾಯ: ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಗಾಯ ಒರೆಸುವ ಸ್ಪಿರಿಟ್ಟಿನಲ್ಲಿ ಕಲಸಿ, ನೀರಾದ ಹಾಲಿನ ಹದಕ್ಕೆ ತನ್ನಿ. ಡಬ್ಬದ ಒಳಗೋಡೆಯ ಮೇಲಿನ 5 ಸೆಂ.ಮೀ.ಗೆ ಕುಂಚದಿಂದ ಬಳಿಯಿರಿ. ಸ್ಪಿರಿಟ್ಟು ಆರಿ ಹೋಗಿ ಪೌಡರು ತೆಳ್ಳಗೆ ಅಂಟಿಕೊಳ್ಳುತ್ತದೆ. ಇರುವೆ ಕಾಲಿಟ್ಟರೆ ಪೌಡರು ಕಾಲ ಕೆಳಗೆ ಉದುರುತ್ತದೆ, ಜಾರಿ ಬೀಳುತ್ತದೆ. ಸ್ಪಿರಿಟ್ಟಿಗೆ ಬೆಂಕಿ ಬೇಗ ಹತ್ತುತ್ತದೆ, ಆದ್ದರಿಂದ ಈ ಕೆಲಸ ದೊಡ್ಡವರೇ ಮಾಡಿ, ಒಲೆ ಹತ್ತಿರ ಬೇಡ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನಗಳಲ್ಲಿ ಪೌಡರು ಬೇಗ ಕೆಡುತ್ತದೆ. ಒಂದು ಇರುವೆ ಅಂಚಿನವರೆಗೆ ಬಂದದ್ದು ಕಂಡರೂ ಅದೇ ದಿನ ಹೊಸದಾಗಿ ಬಳಿಯಿರಿ. ಸುತ್ತ ನೀರು ಕಟ್ಟುವ ಹಳೆಯ ಉಪಾಯವನ್ನು ನಾನು ನಂಬುವುದಿಲ್ಲ, ಧೂಳು ಬಿದ್ದು ಪೊರೆ ಕಟ್ಟಿದರೆ ಅದರ ಮೇಲೇ ನಡೆದು ದಾಟುತ್ತವೆ. ಡಬ್ಬಕ್ಕೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹೊದಿಸಿದ ಮುಚ್ಚಳವೂ ಇರಲಿ. ಹೊರಗಿನ ಇರುವೆಗಳು ಒಳಗೆ ನುಗ್ಗಿ ಕೊಳ್ಳೆ ಹೊಡೆಯುವುದೂ ಉಂಟು, ಅದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಟ್ಯೂಬಿನಿಂದ ಗೂಡಿಗೆ ಸಾಗಿಸುವಾಗ ಅಲುಗಾಡಿಸಿ ಸುರಿಯಬೇಡಿ. ತೊಟ್ಟಿಗೆ ನೀರು ಬಿಟ್ಟು ಒಂದು ದಿನ ಆದ ಮೇಲೆ, ಟ್ಯೂಬಿನ ಹತ್ತಿ ತೆಗೆದು ಅದನ್ನು ಹಾಗೇ ಅಂಗಳದ ಡಬ್ಬದಲ್ಲಿ ಮಲಗಿಸಿ. ಹೊಸ ಗೂಡಿಗೆ ಕತ್ತಲೆ ಮಾಡಿ, ಟ್ಯೂಬಿನ ಮೇಲಿನ ಬಟ್ಟೆ ತೆಗೆದು ಬೆಳಕು ಬೀಳಲು ಬಿಡಿ. ಬಿಸಿಲಿಗೆ ಮಾತ್ರ ಇಡಬೇಡಿ, ಗಾಜಿನೊಳಗೆ ಕೆಲವೇ ನಿಮಿಷದಲ್ಲಿ ಬೆಂದು ಹೋಗುತ್ತವೆ. ಒಂದು ಇರುವೆ ಗೂಡು ನೋಡಿ ಬರುತ್ತದೆ, ಆಮೇಲೆ ಇನ್ನೊಂದು. ಒಂದು ರಾತ್ರಿಯಲ್ಲೇ ಎಲ್ಲ ಹೋಗಬಹುದು, ಎರಡು ವಾರ ಹಿಡಿಯಬಹುದು. ಟ್ಯೂಬಿನ ನೀರು ಮುಗಿಯುವವರೆಗೂ ಹೊರಡದೆ ಕೂತವನ್ನೂ ನೋಡಿದ್ದೇನೆ. ಕಾಯಿರಿ.

ಗೂಡಿನ ಗಾಜಿಗೆ ಕೆಂಪು ಪಾರದರ್ಶಕ ಹಾಳೆ ಹಾಕಿದರೆ ನಮಗೆ ಕಾಣುತ್ತದೆ, ಅವಕ್ಕೆ ಹೆಚ್ಚುಕಡಿಮೆ ಕತ್ತಲೆ. ಇಂಗ್ಲೆಂಡಿನ ಜಾನ್ ಲಬಕ್ 19ನೇ ಶತಮಾನದಲ್ಲಿ ಇದನ್ನು ಬಹಳ ಸೊಗಸಾಗಿ ತೋರಿಸಿದರು. ಬೆಳಕನ್ನು ಕಾಮನಬಿಲ್ಲಿನ ಬಣ್ಣಗಳಾಗಿ ಒಡೆದು ಇರುವೆಗಳ ಮರಿಗಳ ಮೇಲೆ ಬಿಟ್ಟರು. ನೇರಳೆಯ ಆಚೆ, ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಬಿದ್ದ ಜಾಗದಿಂದ ಇರುವೆಗಳು ಮರಿಗಳನ್ನು ಎತ್ತಿಕೊಂಡು ಓಡಿದವು. ಕೆಂಪು ಬೆಳಕಿನ ಜಾಗವನ್ನು ಕತ್ತಲೆಯ ಹಾಗೆ ಬಳಸಿದವು. ಅವರು ಸಾಕಿದ ಒಂದು ರಾಣಿ ಸುಮಾರು 15 ವರ್ಷ ಬದುಕಿತ್ತು, ಅದೂ ಎರಡು ಗಾಜಿನ ಹಲಗೆಯ ನಡುವೆ ಮಣ್ಣು ಹಾಕಿದ ಸಾದಾ ಗೂಡಿನಲ್ಲಿ.

ಊಟದ ವಿಷಯ. ಇರುವೆಗೆ ಎರಡು ಬಗೆ ಬೇಕು, ಸಿಹಿ ಮತ್ತು ಹುಳ. ಬೆಳೆದ ಇರುವೆಗಳು ಓಡಾಡುವುದು ಸಿಹಿಯ ಬಲದಲ್ಲಿ. ಒಂದು ಚಮಚ ಸಕ್ಕರೆಗೆ ಮೂರು ನಾಲ್ಕು ಚಮಚ ನೀರು. ಅದರಲ್ಲಿ ಹತ್ತಿ ಅದ್ದಿ ಇಡಿ, ಹನಿಯಾಗಿ ಇಟ್ಟರೆ ಮುಳುಗಿ ಸಾಯುತ್ತವೆ. ಎರಡು ದಿನಕ್ಕೊಮ್ಮೆ ಬದಲಿಸಿ. ಹುಳ ಬೇಕಾಗುವುದು ಮುಖ್ಯವಾಗಿ ಮರಿಗಳಿಗೆ, ಮೊಟ್ಟೆ ಇಡುವ ರಾಣಿಗೆ. ಬೆಳೆದ ಇರುವೆ ಗಟ್ಟಿ ಆಹಾರ ನುಂಗಲಾರದು, ಬಾಯೊಳಗಿನ ಒಂದು ಚೀಲದಲ್ಲಿ ಚೂರುಗಳನ್ನು ತಡೆದು ರಸ ಮಾತ್ರ ಕುಡಿಯುತ್ತದೆ. ಕುಡಿದದ್ದನ್ನು ಹೊಟ್ಟೆಯಲ್ಲಿ ಹೊತ್ತು ತಂದು ಬಾಯಿಗೆ ಬಾಯಿ ಇಟ್ಟು ಹಂಚುತ್ತದೆ. ಕೆಂಪು ಬಣ್ಣ ಬೆರೆಸಿದ ಸಕ್ಕರೆ ನೀರು ಒಮ್ಮೆ ಕೊಟ್ಟು ನೋಡಿ, ತೆಳು ಹೊಟ್ಟೆಯ ಜಾತಿಯಾದರೆ ಆ ಬಣ್ಣ ಒಂದರಿಂದ ಒಂದಕ್ಕೆ ದಾಟುವುದು ಕಣ್ಣಿಗೇ ಕಾಣುತ್ತದೆ. ಹುಳ ಅಂದರೆ ಸಾಕಿದ ಚಿಮ್ಮಂಡೆ, ಹಿಟ್ಟಿನ ಹುಳ, ಹಣ್ಣಿನ ನೊಣ. ವಾರಕ್ಕೆರಡು ಸಲ. ಹತ್ತಿಪ್ಪತ್ತು ಇರುವೆಗೆ ಎಳ್ಳಿನಷ್ಟು ತುಂಡು ಸಾಕು, ಮಾರನೇ ದಿನ ಉಳಿದದ್ದನ್ನು ತೆಗೆದುಬಿಡಿ. ಕೊಡುವ ಮೊದಲು ಕುದಿಯುವ ನೀರಿಗೆ ಅರ್ಧ ನಿಮಿಷ ಹಾಕಿ ತೆಗೆದರೆ ಮೈಮೇಲಿನ ನುಸಿ ಸಾಯುತ್ತದೆ. ತೋಟದಲ್ಲಿ ಹಿಡಿದ ಮಿಡತೆ ಕೊಡಬೇಡಿ. ಅದು ಯಾವ ಔಷಧಿ ಹೊಡೆದ ಎಲೆ ತಿಂದು ಬಂದಿದೆಯೋ ಹೇಳಲಾಗುವುದಿಲ್ಲ. ಇರುವೆಗಳು ಹಂಚಿ ತಿನ್ನುವುದರಿಂದ ಒಂದು ವಿಷದ ತುಂಡು ಎಲ್ಲರಿಗೂ ತಲುಪುತ್ತದೆ. ಅದೇ ಕಾರಣಕ್ಕೆ ಗೂಡಿರುವ ಕೋಣೆಯಲ್ಲಿ ಜಿರಳೆ ಸ್ಪ್ರೇ, ಸೊಳ್ಳೆ ಬತ್ತಿ, ಸೊಳ್ಳೆ ಮಷೀನು ಯಾವುದೂ ಬೇಡ.

ತೊಟ್ಟಿಗೆ ನೀರು ಎಷ್ಟು ದಿನಕ್ಕೆ ಅಂತ ಲೆಕ್ಕ ಕೇಳಬೇಡಿ, ಗೂಡನ್ನೇ ನೋಡಿ. ಒದ್ದೆ ಪಿಓಪಿಯ ಬಣ್ಣ ಸ್ವಲ್ಪ ಗಾಢವಾಗಿರುತ್ತದೆ, ಒಣಗಿದ್ದು ಸುಣ್ಣದ ಬಿಳಿ. ಆ ಗೆರೆ ಗೂಡಿನ ನಡುವೆ ಎಲ್ಲೋ ನಿಂತಿದ್ದರೆ ಸರಿ. ಒಂದು ಸಂಜೆ ನೀರು ಬಿಟ್ಟು ಕಾದು ನೋಡಿ. ಗೆರೆ ಮುಂದೆ ಸರಿಯುತ್ತಾ ಬಂದ ಹಾಗೆ ಒಂದು ಇರುವೆ ನೆಲಕ್ಕೆ ಮೀಸೆ ತಾಗಿಸಿ ನಿಲ್ಲುತ್ತದೆ. ಆಮೇಲೆ ಕಂದು ಗೂಡೊಂದನ್ನು ಕಚ್ಚಿಕೊಂಡು ಹಿಂದಿನ ಕೋಣೆಗೆ ನಡೆಯುತ್ತದೆ. ಅದನ್ನು ನೋಡಿ ಇನ್ನೊಂದು. ಬೆಳಗಾಗುವಷ್ಟರಲ್ಲಿ ರೇಷ್ಮೆ ಗೂಡುಗಳೆಲ್ಲ ಒಣ ತುದಿಗೆ, ಮೊಟ್ಟೆಗಳೆಲ್ಲ ತೇವದ ಹತ್ತಿರಕ್ಕೆ ಬೇರೆ ಬೇರೆ ಗುಪ್ಪೆಯಾಗಿರುತ್ತವೆ. ಎಲ್ಲ ಇರುವೆಗಳೂ ಒದ್ದೆ ಗೋಡೆಗೆ ಒತ್ತಿಕೊಂಡು ಕೂತಿದ್ದರೆ ಗೂಡು ಒಣಗಿದೆ. ಎಲ್ಲವೂ ಬಾಗಿಲ ಹತ್ತಿರ ಸೇರಿದ್ದರೆ ನೀರು ಜಾಸ್ತಿಯಾಗಿದೆ.

ಇನ್ನು ಕೆಲವು ಸಣ್ಣ ಮಾತು. ಟ್ಯೂಬಿನ ಹತ್ತಿ ಹಳದಿಯಾದರೆ, ಅಲ್ಲೊಂದು ಇಲ್ಲೊಂದು ಚುಕ್ಕಿ ಬೂಷ್ಟು ಕಂಡರೆ ಗಾಬರಿ ಬೇಡ, ರಾಣಿಯನ್ನು ಎಬ್ಬಿಸುವುದರಿಂದ ಆಗುವ ಕೇಡೇ ಜಾಸ್ತಿ. ಮರದ ಎಲೆ ಹೊಲಿದು ಗೂಡು ಕಟ್ಟುವ ಚಗಳಿಯನ್ನು ಪಿಓಪಿ ಗೂಡಿನಲ್ಲಿ ಸಾಕಲು ಹೋಗಬೇಡಿ, ಅದಕ್ಕೆ ಬೇಕಾದದ್ದು ಕೊಂಬೆ. ಇರುವ ಗೂಡನ್ನು ಅಗೆದು ರಾಣಿ ತರಬೇಡಿ, ಅಗೆದಲ್ಲಿ ಇಡೀ ಸಂಸಾರ ಹಾಳಾಗುತ್ತದೆ, ಆಳದಲ್ಲಿರುವ ರಾಣಿ ಸಿಗುವುದೂ ಅಪರೂಪ. ದೂರದ ದೇಶದ ಇರುವೆ ತರಿಸುವ ಆಸೆಗೂ ಬೀಳಬೇಡಿ. 2025ರಲ್ಲಿ ಕೆನ್ಯಾದಿಂದ ಸಾವಿರಾರು ರಾಣಿ ಇರುವೆಗಳನ್ನು ಟೆಸ್ಟ್ ಟ್ಯೂಬುಗಳಲ್ಲಿ ತುಂಬಿ ಸಾಗಿಸಲು ಹೊರಟವರು ಸಿಕ್ಕಿಬಿದ್ದು ನ್ಯಾಯಾಲಯದಲ್ಲಿ ದಂಡ ತೆತ್ತರು. ಬೇರೆ ನೆಲದ ಇರುವೆ ಒಮ್ಮೆ ಹೊರಗೆ ತಪ್ಪಿಸಿಕೊಂಡರೆ ಅಲ್ಲಿನ ಇರುವೆಗಳನ್ನೇ ಓಡಿಸುತ್ತದೆ. ನಿಮ್ಮ ಅಂಗಳದಲ್ಲಿ ಸಿಕ್ಕಿದ್ದೇ ಒಳ್ಳೆಯದು. ಮುಂದೆ ಸಾಕಲು ಆಗದೇ ಹೋದರೂ, ಸಿಕ್ಕಿದ ಜಾಗಕ್ಕೇ ಒಯ್ದು ಬಿಡಬಹುದು.

ಟ್ಯೂಬಿಗೆ ರಾಣಿಯನ್ನು ಸೇರಿಸಿದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಬಟ್ಟೆಯ ಮೇಲೆ ಅಂಟಿಸಲು ಮಗಳಿಗೆ ಹೇಳಿ. ಮೊದಲ ಮೊಟ್ಟೆ, ಮೊದಲ ಮರಿಹುಳು, ಮೊದಲ ಇರುವೆ, ಒಂದೊಂದಕ್ಕೂ ಅದರ ಕೆಳಗೆ ತಾರೀಖು ಸೇರಿಸುತ್ತಾ ಹೋಗಲಿ. ಒಂದು ತಿಂಗಳು ಕಳೆದರೂ ಮೊಟ್ಟೆ ಕಾಣದಿದ್ದರೆ ಆ ಚೀಟಿಯಲ್ಲಿರುವುದನ್ನು ನನಗೆ ಬರೆದು ಕಳಿಸಿ, ಏನು ಮಾಡಬಹುದು ನೋಡೋಣ.